ಬೇಲಿ ಹಾಕಿದ ಹೊಲ ಬೇರೆ, ದನ ನುಗ್ಗಿದ ಹೊಲ ಬೇರೆ

ಕರ್ನಾಟಕ ವಿಧಾನಮಂಡಲದ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೆ,

ವಿಧಾನಸಭೆಯ 224, ವಿಧಾನ ಪರಿಷತ್ತಿನ 75, ಹೀಗೆ 299 ಜನರಿಗೂ ಸೇರಿಸಿ ಬರೆಯುತ್ತಿರುವ ಪತ್ರ ಇದು. ಆಡಳಿತ ಪಕ್ಷ, ವಿರೋಧ ಪಕ್ಷ ಎಂದು ಬೇರೆ ಬೇರೆ ಲಕೋಟೆ ಮಾಡಿಲ್ಲ. ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟವರ ವೋಟು ನಿಮ್ಮೆಲ್ಲರ ಪಕ್ಷಕ್ಕೂ ಬಿದ್ದಿದೆ. ನಾನು ಬ್ಯಾಂಕಿನ ನೌಕರನಲ್ಲ, ವಕೀಲನೂ ಅಲ್ಲ. ಸಾಲ ಮಾಡಿ ತೀರಿಸಿದ, ಇನ್ನೊಬ್ಬರಿಗೆ ಜಾಮೀನು ನಿಂತ, ಕಾಯ್ದೆ ಪುಸ್ತಕ ಓದುವ ಅಭ್ಯಾಸವಿರುವ ಒಬ್ಬ ಮತದಾರ.

ಮೊದಲು ನಿಮಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಸಾಲಗಾರರ ಮೇಲಿನ ದೌರ್ಜನ್ಯ ಮತ್ತು ಕೋರ್ಟುಗಳ ವಿಳಂಬ, ಈ ಎರಡು ವಿಷಯಗಳಲ್ಲಿ ನಿಮ್ಮ ಸದನ ಸುಮ್ಮನೆ ಕೂತಿಲ್ಲ. 2023ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ರಾಜ್ಯದ ತಿದ್ದುಪಡಿ ತಂದು, ಸಣ್ಣ ಮತ್ತು ಅತಿಸಣ್ಣ ರೈತರ, ಆರ್ಥಿಕವಾಗಿ ದುರ್ಬಲರ ವ್ಯಾಜ್ಯಗಳನ್ನು ಆದ್ಯತೆಯ ಮೇಲೆ ಆರು ತಿಂಗಳಲ್ಲಿ ಮುಗಿಸಬೇಕೆಂಬ ವಿಧೇಯಕವನ್ನು ಅಂಗೀಕರಿಸಿದಿರಿ. 2025ರಲ್ಲಿ ಕಿರು ಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯುವ ಕಾನೂನು ತಂದಿರಿ. ಎರಡರ ಹೊತ್ತಿಗೂ ಕಾನೂನು ಸಚಿವರಾಗಿದ್ದವರು ಗದಗದ ಎಚ್.ಕೆ. ಪಾಟೀಲರು. ಬಡವರ ಸಾಲ ಮತ್ತು ಬಡವರ ದಾವೆ ಎರಡನ್ನೂ ಇಷ್ಟು ಹತ್ತಿರ ಹತ್ತಿರದ ವರ್ಷಗಳಲ್ಲಿ ಕೈಗೆತ್ತಿಕೊಂಡ ಸದನಗಳು ಕಡಿಮೆ.

ಆದರೆ ಈ ಎರಡು ಕಾನೂನುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಫೈನಾನ್ಸಿನಿಂದ ಸಂಘದ ಸಾಲ ತೆಗೆದುಕೊಂಡ ಹೆಣ್ಣುಮಗಳಿಗೆ ನಿಮ್ಮ 2025ರ ಕಾನೂನು ತಲುಪುವುದಿಲ್ಲ. ಮನೆಯನ್ನು ಅಡಮಾನ ಇಟ್ಟು ಬ್ಯಾಂಕಿನಿಂದ ಸಾಲ ತೆಗೆದವನಿಗೆ, ಹರಾಜಿನ ದಿನ ನಿಮ್ಮ 2023ರ ತಿದ್ದುಪಡಿ ಕೈಗೆ ಸಿಗುವುದಿಲ್ಲ. ಬೇಲಿ ಗಟ್ಟಿಯಾಗಿಯೇ ಇದೆ. ಆದರೆ ಬೇಲಿ ಹಾಕಿದ್ದು ಒಂದು ಹೊಲಕ್ಕೆ, ದನ ನುಗ್ಗಿದ್ದು ಇನ್ನೊಂದಕ್ಕೆ. ಇದು ಯಾಕೆ ಹೀಗಾಯಿತು, ಇದ್ದ ಅಧಿಕಾರದಲ್ಲೇ ನೀವು ಏನು ಮಾಡಬಹುದು ಎಂಬುದಷ್ಟೇ ಈ ಪತ್ರದ ವಿಷಯ.

2025ರ ಜನವರಿಯನ್ನು ನೆನಪಿಸಿಕೊಳ್ಳಿ. ಚಾಮರಾಜನಗರ, ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಕುಟುಂಬಗಳು ರಾತ್ರೋರಾತ್ರಿ ಊರು ಬಿಟ್ಟ ಸುದ್ದಿ ದಿನಾ ಬರುತ್ತಿತ್ತು. ಹಾವೇರಿ ಕಡೆಯ ಹೆಂಗಸರು ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿ ಪ್ರತಿಭಟಿಸಿದರು. ಸರ್ಕಾರ ಸುಗ್ರೀವಾಜ್ಞೆ ಸಿದ್ಧಪಡಿಸಿತು. ಫೆಬ್ರುವರಿ ಮೊದಲ ವಾರದಲ್ಲಿ ರಾಜ್ಯಪಾಲರು ಅದನ್ನು ಹಿಂತಿರುಗಿಸಿದರು. ಹೆಚ್ಚೆಂದರೆ ಮೂರು ಲಕ್ಷ ರೂಪಾಯಿಯ ಸಾಲಕ್ಕೆ ಹತ್ತು ವರ್ಷ ಜೈಲು, ಐದು ಲಕ್ಷ ದಂಡ ಎಂಬುದು ಅತಿಯಾಯಿತು ಎಂಬುದು ಅವರ ಆಕ್ಷೇಪಗಳಲ್ಲೊಂದು. ಕೊನೆಗೆ ಫೆಬ್ರುವರಿ 12ರಂದು ಅದಕ್ಕೆ ಅಂಕಿತ ಬಿತ್ತು. ಆಮೇಲೆ ಅದೇ ವಿಷಯ ವಿಧೇಯಕವಾಗಿ ನಿಮ್ಮ ಮುಂದೆ ಬಂತು.

ಅದರಲ್ಲಿ ಒಳ್ಳೆಯ ಅಂಶಗಳಿವೆ. ಸಾಲ ಕೊಡುವವರು ಜಿಲ್ಲಾಧಿಕಾರಿಯ ಬಳಿ ನೋಂದಾಯಿಸಿಕೊಳ್ಳಬೇಕು. ಅಡವು ಇಟ್ಟುಕೊಳ್ಳುವಂತಿಲ್ಲ. ಬೆದರಿಕೆ, ಬೆನ್ನುಹತ್ತುವುದು, ಮನೆಯ ಮುಂದೆ ಕೂರುವುದು ಎಲ್ಲ ಅಪರಾಧ. ಠಾಣೆಯಲ್ಲಿ ದೂರು ತೆಗೆದುಕೊಳ್ಳಲು ಪೊಲೀಸರು ನಿರಾಕರಿಸುವಂತಿಲ್ಲ. ಡಿವೈಎಸ್‌ಪಿ ಮಟ್ಟದ ಅಧಿಕಾರಿ ತಾನಾಗಿಯೇ ಪ್ರಕರಣ ದಾಖಲಿಸಬಹುದು. ನೋಂದಣಿ ಇಲ್ಲದವನು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಮನ್ನಾ ಆದಂತೆಯೇ. ಮೀಟರ್ ಬಡ್ಡಿಯವನಿಗೆ ಇದು ನಿಜವಾದ ಏಟು.

ಅದೇ ಕಾನೂನಿನಲ್ಲಿ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕು ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲ ಎಂದೂ ಇದೆ. ಇದನ್ನು ನಿಮ್ಮ ತಪ್ಪೆಂದು ನಾನು ಹೇಳುತ್ತಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಬ್ಯಾಂಕಿಂಗ್ ಕೇಂದ್ರ ಪಟ್ಟಿಯ 45ನೆಯ ವಿಷಯ. ಲೇವಾದೇವಿ ಮತ್ತು ಕೃಷಿ ಋಣಭಾರದ ಪರಿಹಾರ ರಾಜ್ಯ ಪಟ್ಟಿಯ 30ನೆಯ ವಿಷಯ. ಈ ಗಡಿಯ ಬಗ್ಗೆ ವರ್ಷಗಟ್ಟಲೆ ಜಗಳ ನಡೆದಿತ್ತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಕೇರಳ ಮತ್ತು ಗುಜರಾತಿನ ಕಾಯ್ದೆಗಳ ಪ್ರಕರಣದಲ್ಲಿ, ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಹಣಕಾಸು ಸಂಸ್ಥೆಗಳ ಮೇಲೆ ರಾಜ್ಯದ ಲೇವಾದೇವಿ ಕಾಯ್ದೆ ನಡೆಯುವುದಿಲ್ಲ ಎಂದು ತೀರ್ಪಿತ್ತಿತು. ಆ ತೀರ್ಪಿನ ನಂತರ ನಿಮಗೆ ಬೇರೆ ದಾರಿ ಇರಲಿಲ್ಲ.

ನನ್ನ ತಕರಾರು ಇರುವುದು ಆಮೇಲೆ ನಡೆದ ಪ್ರಚಾರದ ಬಗ್ಗೆ. ‘ಇನ್ನು ಮುಂದೆ ಯಾರೂ ನಿಮ್ಮ ಮನೆ ಬಾಗಿಲಿಗೆ ಬರುವಂತಿಲ್ಲ’ ಎಂದು ಸಭೆಗಳಲ್ಲಿ ಹೇಳಿದವರು, ಈ ವಿನಾಯಿತಿಯ ಸಾಲನ್ನು ಓದಿ ಹೇಳಲಿಲ್ಲ. 1976ರಲ್ಲಿ ದೇವರಾಜ ಅರಸರ ಕಾಲದ ಋಣ ಪರಿಹಾರ ಕಾಯ್ದೆಯಿಂದ ಹಿಡಿದು, 2019ರಲ್ಲಿ ಜಾರಿಗೆ ಬಂದ 2018ರ ಋಣ ಪರಿಹಾರ ಕಾಯ್ದೆಯವರೆಗೆ, ನಮ್ಮ ಕಾಯ್ದೆಗಳ ಕಣ್ಣಲ್ಲಿ ಸಾಲ ಕೊಡುವವನೆಂದರೆ ಊರ ಸಾಹುಕಾರ, ಇಲ್ಲವೇ ಗಿರವಿ ಅಂಗಡಿಯವ. ಈಗ ಸಾಲ ಕೊಡುವವನ ಕೊರಳಲ್ಲಿ ಗುರುತಿನ ಚೀಟಿ ಇದೆ, ಕೈಯಲ್ಲಿ ಟ್ಯಾಬ್ ಇದೆ, ಬೆನ್ನ ಹಿಂದೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆ. ವಾರದ ಕಂತಿನ ದಿನ ಸಂಘದಲ್ಲಿ ಒಬ್ಬಳು ಹಣ ತರದಿದ್ದರೆ ಉಳಿದವರನ್ನು ಏಳಗೊಡದೆ ಕೂರಿಸುವವನು ಇವನೇ. ಗದರಿಸುವ ಕೆಲಸವನ್ನು ಅವನು ಮಾಡಬೇಕಾಗಿಲ್ಲ. ಒಲೆಯ ಮೇಲೆ ಅನ್ನ ಬಿಟ್ಟು ಬಂದ ನೆರೆಮನೆಯವಳೇ ಮಾಡುತ್ತಾಳೆ.

ಹಾಗಾದರೆ ಇವರಿಗೆ ಕಟ್ಟುಪಾಡೇ ಇಲ್ಲವೇ? ಇದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಕಿರುಸಾಲ ನಿರ್ದೇಶನಗಳು ಸಾಕಷ್ಟು ಸ್ಪಷ್ಟವಾಗಿವೆ. ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ, ಅಡವಿಲ್ಲದ ಸಾಲವೇ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅಂದರೆ ತಿಂಗಳಿಗೆ 25,000 ರೂಪಾಯಿ ದುಡಿಯುವ ಮನೆಯ ಮೇಲೆ 12,500ಕ್ಕಿಂತ ಹೆಚ್ಚಿನ ಕಂತಿನ ಹೊರೆ ಹಾಕುವಂತಿಲ್ಲ. ವಸೂಲಿಯನ್ನು ಇಬ್ಬರೂ ಒಪ್ಪಿದ ಜಾಗದಲ್ಲಿ ಮಾಡಬೇಕು. ಎರಡು ಅಥವಾ ಹೆಚ್ಚು ಸಲ ಸತತವಾಗಿ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಬೆಳಿಗ್ಗೆ ಒಂಬತ್ತರ ಮೊದಲು, ಸಂಜೆ ಆರರ ನಂತರ ಫೋನು ಮಾಡುವಂತಿಲ್ಲ. ನೆಂಟರಿಗೆ, ಜೊತೆಗೆ ಕೆಲಸ ಮಾಡುವವರಿಗೆ ಕಾಟ ಕೊಡುವಂತಿಲ್ಲ. ಸಾಲಗಾರರ ಹೆಸರು ಪ್ರಕಟಿಸುವಂತಿಲ್ಲ. ಏಜೆಂಟ್ ಮಾಡಿದ ತಪ್ಪಿಗೆ ಸಂಸ್ಥೆಯೇ ಹೊಣೆ.

ನಿಯಮ ಇದೆ, ನೋಡುವವರಿಲ್ಲ. ಸಾಲಗಾರಳು ಮೊದಲು ಸಂಸ್ಥೆಗೇ ದೂರು ಕೊಡಬೇಕು, ಮೂವತ್ತು ದಿನ ಕಾಯಬೇಕು, ಆಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬೇಕು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. 14448 ಎಂಬ ಉಚಿತ ಸಂಖ್ಯೆಯೂ ಇದೆ. ಪೇಟೆಯ ಗ್ರಾಹಕನಿಗೆ ಇದು ಒಳ್ಳೆಯ ಏರ್ಪಾಡು. ಮಂಗಳವಾರದ ಕಂತಿಗೆ ಸೋಮವಾರ ರಾತ್ರಿ ಮನೆ ಮುಂದೆ ನಿಂತವನಿಗೆ ಮೂವತ್ತು ದಿನದ ಕಾಯುವಿಕೆ ಉತ್ತರವಲ್ಲ.

ಆ ರಾತ್ರಿ ಬೇಕಾಗುವುದು ಠಾಣೆ. ಪೊಲೀಸ್ ಇಲಾಖೆ ಪೂರ್ತಿ ನಿಮ್ಮದು. ರಾಜ್ಯ ಪಟ್ಟಿಯ ಎರಡನೆಯ ವಿಷಯ. ಬೆದರಿಕೆ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಅಪರಾಧ, ಅತಿಕ್ರಮ ಪ್ರವೇಶ 329ರಡಿ ಅಪರಾಧ, ಸಾವಿಗೆ ದೂಡುವುದು 108ರಡಿ ಅಪರಾಧ. ಈ ಕಲಮುಗಳಲ್ಲಿ ಎಲ್ಲೂ ‘ರಿಸರ್ವ್ ಬ್ಯಾಂಕಿನ ಪರವಾನಗಿ ಉಳ್ಳವರನ್ನು ಬಿಟ್ಟು’ ಎಂದಿಲ್ಲ. ಸಾಲವನ್ನು ಕಾನೂನಿನ ದಾರಿಯಲ್ಲೇ ವಸೂಲು ಮಾಡಬೇಕು, ಗೂಂಡಾಗಳನ್ನು ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಆದರೂ ಠಾಣೆಗೆ ಹೋದ ಹೆಣ್ಣುಮಗಳಿಗೆ ಸಿಗುವ ಉತ್ತರ ಒಂದೇ: ‘ಇದು ಹಣಕಾಸಿನ ವ್ಯವಹಾರ ಕಣಮ್ಮ, ಸಿವಿಲ್ ಮ್ಯಾಟರ್ರು. ಕೋರ್ಟಿಗೆ ಹೋಗು.’ ಹೊಸ ಕಾನೂನು ಬಂದ ಮೇಲೆ ಇದಕ್ಕೆ ಇನ್ನೊಂದು ಮಾತು ಸೇರಿದೆ: ‘ಅವರು ಆರ್‌ಬಿಐನವರು, ಈ ಕಾಯ್ದೆ ಅವರಿಗಿಲ್ಲ.’ ರಕ್ಷಣೆಗೆಂದು ಬರೆದ ಕಾನೂನಿನ ವಿನಾಯಿತಿಯ ಸಾಲು ದೂರು ತಳ್ಳಿಹಾಕಲು ನೆಪವಾಗಬಾರದಲ್ಲವೇ? ಇದಕ್ಕೆ ಹೊಸ ಕಾಯ್ದೆ ಬೇಡ, ಗೃಹ ಇಲಾಖೆಯ ಒಂದು ಸುತ್ತೋಲೆ ಸಾಕು.

ಇನ್ನು ಕೋರ್ಟಿನ ಮಾತು. ‘ಕೋರ್ಟಿಗೆ ಹೋಗು’ ಎಂದ ಆ ಪೇದೆಗೂ ಯಾವ ಕೋರ್ಟು ಎಂದು ಗೊತ್ತಿರುವುದಿಲ್ಲ. ಮನೆ ಅಡಮಾನವಾಗಿದ್ದರೆ, ತಾಲ್ಲೂಕಿನ ಸಿವಿಲ್ ಕೋರ್ಟು ಆ ಮನೆಯ ಜಪ್ತಿಯ ಬಗ್ಗೆ ಸಾಮಾನ್ಯವಾಗಿ ತುಟಿ ಬಿಚ್ಚುವಂತಿಲ್ಲ. ಅಡಮಾನದ ಆಸ್ತಿಯನ್ನು ಬ್ಯಾಂಕೇ ಜಪ್ತಿ ಮಾಡಲು ಬಿಡುವ 2002ರ ಸರ್ಫೇಸಿ ಕಾಯ್ದೆಯ 34ನೇ ಕಲಮು ಸಿವಿಲ್ ಕೋರ್ಟುಗಳ ಕೈ ಕಟ್ಟಿದೆ; ತಡೆಯಾಜ್ಞೆ ಕೊಡುವ ಅಧಿಕಾರವೂ ಇಲ್ಲ. ಆರು ತಿಂಗಳಲ್ಲಿ ಬಡವರ ದಾವೆ ಮುಗಿಸಬೇಕೆಂಬ ನಿಮ್ಮ ತಿದ್ದುಪಡಿ ಎಷ್ಟೇ ಒಳ್ಳೆಯದಿದ್ದರೂ, ಸಿವಿಲ್ ಕೋರ್ಟಿಗೆ ಬರಲಾಗದ ದಾವೆಗೆ ಅದು ಅನ್ವಯಿಸುವುದು ಹೇಗೆ?

ಸರ್ಫೇಸಿಯ ನಡಿಗೆಯನ್ನು ಸಾಲಗಾರನ ಕಡೆಯಿಂದ ನೋಡಿ. ಕಂತು ತಪ್ಪಿ ಖಾತೆ ‘ಎನ್‌ಪಿಎ’, ಅಂದರೆ ಅನುತ್ಪಾದಕ ಸಾಲ, ಆಯಿತು. ಬ್ಯಾಂಕು 60 ದಿನದ ನೋಟಿಸು ಕಳಿಸುತ್ತದೆ. ಸಾಲಗಾರ ಆಕ್ಷೇಪಣೆ ಬರೆದರೆ 15 ದಿನದಲ್ಲಿ ಕಾರಣಸಹಿತ ಉತ್ತರ ಕೊಡಬೇಕು. ಗಡುವು ಮುಗಿದ ಮೇಲೆ ಮನೆಯ ಸ್ವಾಧೀನ, ಆಮೇಲೆ ಹರಾಜು. ಇಷ್ಟರಲ್ಲಿ ಎಲ್ಲೂ ನ್ಯಾಯಾಧೀಶರ ಅನುಮತಿ ಬೇಕಾಗುವುದಿಲ್ಲ. ಸಾಲಗಾರನೇ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಅರ್ಜಿ ಹಾಕಬೇಕು. ಬಾಕಿಯ ಮುಕ್ಕಾಲು ಪಾಲು ಠೇವಣಿ ಇಟ್ಟರೆ ಮಾತ್ರ ಅರ್ಜಿ ಕೇಳುತ್ತೇವೆ ಎಂಬ ಷರತ್ತು ಮೊದಲು ಇತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿತು. ಆದರೆ ಮೇಲ್ಮನವಿಗೆ ಇಂದಿಗೂ ಅರ್ಧ ಹಣ ಕಟ್ಟಬೇಕು. ಮಂಡಳಿ ಮನಸ್ಸು ಮಾಡಿದರೆ ಕಾಲು ಭಾಗಕ್ಕೆ ಇಳಿಸಬಹುದು.

ಕರ್ನಾಟಕದ ಡಿಆರ್‌ಟಿಗಳು ಎರಡೂ ಬೆಂಗಳೂರಿನಲ್ಲಿವೆ. ಮೇಲ್ಮನವಿ ಮಂಡಳಿ ಚೆನ್ನೈನಲ್ಲಿದೆ. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಅಲ್ಲಿನ ಕಾಗದಪತ್ರ, ವಾದ, ಆದೇಶ ಎಲ್ಲ ಇಂಗ್ಲಿಷ್. ಊರಿನಲ್ಲಿ ಆ ಕಾಯ್ದೆ ಬಲ್ಲ ವಕೀಲರು ಸಿಗುವುದು ಅಪರೂಪ. ಧಾರವಾಡ, ಕಲಬುರಗಿಗಳಿಗೆ ಹೈಕೋರ್ಟ್ ಪೀಠ ಬೇಕೆಂದು ಉತ್ತರ ಕರ್ನಾಟಕ ಎಷ್ಟು ವರ್ಷ ಹೋರಾಡಿತು ಎಂಬುದು ನಿಮಗೆ ಗೊತ್ತು. 2008ರಲ್ಲಿ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಂ ಆದವು. ಮನೆ ಕಳೆದುಕೊಳ್ಳುವವನ ಮೊದಲ ಕೋರ್ಟು ಮಾತ್ರ ಬೆಂಗಳೂರು ಬಿಟ್ಟು ಕದಲಲಿಲ್ಲ. ಆ ಹೋರಾಟಕ್ಕೆ ದನಿಗೂಡಿಸಿದ ಕ್ಷೇತ್ರಗಳ ಶಾಸಕರು, ಡಿಆರ್‌ಟಿಯ ಒಂದು ಪೀಠ ಅಥವಾ ಕನಿಷ್ಠ ಸಂಚಾರಿ ಕಲಾಪ ಕಲಬುರಗಿಗೂ ಹುಬ್ಬಳ್ಳಿ–ಧಾರವಾಡಕ್ಕೂ ಬರಲಿ ಎಂದು ಕೇಂದ್ರಕ್ಕೆ ಸರ್ವಾನುಮತದ ನಿರ್ಣಯ ಕಳಿಸಬೇಕು. ಇದು ಕೇಂದ್ರದ ಹಣಕಾಸು ಸಚಿವಾಲಯದ ವಿಷಯ, ನಿಮ್ಮಲ್ಲಿ ಆ ಅಧಿಕಾರ ಇಲ್ಲ. ನಿರ್ಣಯ ಮಾಡುವ ಅಧಿಕಾರ ಇದೆ.

ಇದೇ ಕಾಯ್ದೆಯಲ್ಲಿ ನಿಮ್ಮ ಅಧಿಕಾರಿ ಸಹಿ ಹಾಕುವ ಒಂದು ಜಾಗವೂ ಇದೆ. ಮನೆಯವರು ಜಾಗ ಬಿಟ್ಟುಕೊಡದಿದ್ದರೆ ಬ್ಯಾಂಕು 14ನೇ ಕಲಮಿನಡಿ ಜಿಲ್ಲಾ ದಂಡಾಧಿಕಾರಿ, ಅಂದರೆ ಜಿಲ್ಲಾಧಿಕಾರಿಯ ಬಳಿಗೋ, ಮ್ಯಾಜಿಸ್ಟ್ರೇಟರ ಬಳಿಗೋ ಹೋಗುತ್ತದೆ. 2013ರ ತಿದ್ದುಪಡಿಯ ಪ್ರಕಾರ ಬ್ಯಾಂಕು ಅಲ್ಲಿ ಒಂಬತ್ತು ಅಂಶಗಳ ಪ್ರಮಾಣಪತ್ರ ಸಲ್ಲಿಸಬೇಕು. ನೋಟಿಸು ಕೊಟ್ಟಿದ್ದೇವೆ, ಆಕ್ಷೇಪಣೆಗೆ ಉತ್ತರಿಸಿದ್ದೇವೆ ಎಂಬುವೂ ಅದರಲ್ಲಿ ಸೇರಿವೆ. ಅದನ್ನು ನೋಡಿ, ತೃಪ್ತಿಯಾದ ಮೇಲೆ ಆದೇಶ. ಆಮೇಲೆ ತಹಶೀಲ್ದಾರರೂ ಪೊಲೀಸರೂ ಬೀಗ ಮುರಿಯಲು ಬರುತ್ತಾರೆ. ಸಾಲಗಾರ ತನ್ನ ಊರಿನಲ್ಲೇ ಸರ್ಕಾರದ ಮುಖ ನೋಡುವ ಒಂದೇ ಹಂತ ಇದು. ವ್ಯಾಜ್ಯದ ಸರಿತಪ್ಪು ತೀರ್ಮಾನಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇಲ್ಲ, ನಿಜ. ಆದರೆ ಆದೇಶದ ಜೊತೆಗೆ ಕನ್ನಡದಲ್ಲಿ ಒಂದು ಹಾಳೆ ಲಗತ್ತಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ: ‘ನಿಮಗೆ ಡಿಆರ್‌ಟಿಗೆ ಹೋಗುವ ಹಕ್ಕಿದೆ, ಅದಕ್ಕೆ 45 ದಿನದ ಗಡುವಿದೆ, ಉಚಿತ ವಕೀಲರಿಗೆ ಇಲ್ಲಿ ಕೇಳಿ.’ ಕಂದಾಯ ಇಲಾಖೆ ಬರೆದರೆ ಅರ್ಧ ಪುಟ.

ಕೊಡಗು, ಚಿಕ್ಕಮಗಳೂರು, ಹಾಸನದ ಶಾಸಕರಿಗೆ ಬೇರೆಯಾಗಿ ಒಂದು ಮಾತು. ಸರ್ಫೇಸಿಯ 31ನೇ ಕಲಮು ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಆದರೆ ಕಾಫಿ ತೋಟಗಳಿಗೆ ಹರಾಜಿನ ನೋಟಿಸುಗಳು ಬರುತ್ತಲೇ ಇವೆ. ಭೂಸುಧಾರಣಾ ಕಾಯ್ದೆಯಲ್ಲಿ ಕಾಫಿಯನ್ನು ‘ಪ್ಲಾಂಟೇಷನ್’ ಎಂದು ಬೇರೆ ಇಟ್ಟು ಭೂಮಿತಿಯಿಂದ ವಿನಾಯಿತಿ ಕೊಟ್ಟದ್ದೇ ಬ್ಯಾಂಕುಗಳ ವಾದಕ್ಕೆ ಬಲ. ದೊಡ್ಡ ಎಸ್ಟೇಟಿಗೆ ಅನುಕೂಲವಾದ ಪದ ಹತ್ತು ಎಕರೆಯ ಬೆಳೆಗಾರನಿಗೆ ಮುಳುವಾಗಿದೆ. ದೆಹಲಿಗೆ ನಿಯೋಗ ಹೋಗುವುದು ಸರಿಯೇ. ಅದರ ಜೊತೆಗೆ, ಸಣ್ಣ ಕಾಫಿ ಹಿಡುವಳಿಯನ್ನು ನಮ್ಮದೇ ಕಾಯ್ದೆ ಹೇಗೆ ಕರೆಯಬೇಕು ಎಂಬ ಚರ್ಚೆ ಬೆಂಗಳೂರಿನಲ್ಲೂ ಆಗಬೇಕಲ್ಲವೇ?

ಅಡಮಾನ ಇಲ್ಲದ ಸಾಲಕ್ಕೆ ಬೇರೆ ಉಪಾಯವಿದೆ: ಸಹಿ ಮಾಡಿದ ಖಾಲಿ ಚೆಕ್ಕು. ಸಾಲ ಕೊಡುವಾಗ ಎರಡೋ ನಾಲ್ಕೋ ಹಾಳೆ ಬರೆಸಿಕೊಂಡಿರುತ್ತಾರೆ. ಕಂತು ತಪ್ಪಿದರೆ ಮೊತ್ತ ತುಂಬಿ ಬ್ಯಾಂಕಿಗೆ ಹಾಕುತ್ತಾರೆ. ಚೆಕ್ಕು ವಾಪಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಕೇಸು. ಖಾಲಿ ಚೆಕ್ಕಾದರೂ ಸಹಿ ನಿಮ್ಮದಾದರೆ, ಸಾಲ ಇರಲಿಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮದೇ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2015ರ ತಿದ್ದುಪಡಿಯ ನಂತರ ಕೇಸು ನಡೆಯುವುದು ಹಣ ಪಡೆಯಬೇಕಾದವನ ಖಾತೆ ಇರುವ ಶಾಖೆಯ ಊರಿನಲ್ಲಿ. ರಾಯಚೂರಿನ ಹಳ್ಳಿಯವಳಿಗೆ ಬೆಂಗಳೂರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸಮನ್ಸ್ ಬರುವುದು ಹೀಗೆ. ಒಂದು ತಾರೀಖಿಗೆ ಹೋಗಿಬರಲು ಎರಡು ದಿನದ ಕೂಲಿ, ಬಸ್ಸಿನ ಹಣ, ತಪ್ಪಿಸಿದರೆ ವಾರಂಟು. 2019ರ ಕೊನೆಯಲ್ಲಿ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಚೆಕ್ ಬೌನ್ಸಿನವೇ ಎಂದು ಸುಪ್ರೀಂ ಕೋರ್ಟೇ ದಾಖಲಿಸಿದೆ. ನಮ್ಮ ಕ್ರಿಮಿನಲ್ ಕೋರ್ಟುಗಳ ಹೊತ್ತಿನಲ್ಲಿ ದೊಡ್ಡ ಪಾಲು ಸಾಲ ವಸೂಲಿಗೆ ಹೋಗುತ್ತಿದೆ. ಬಾಕಿ ಪ್ರಕರಣಗಳ ಬಗ್ಗೆ ಮಾತಾಡುವಾಗ ಈ ಲೆಕ್ಕವನ್ನು ಬಿಟ್ಟು ಮಾತಾಡುವುದು ಕಷ್ಟ.

ನ್ಯಾಯಾಂಗ ಸುಧಾರಣೆ ಎಂದರೆ ನಮಗೆ ನೆನಪಾಗುವುದು ಹೈಕೋರ್ಟ್, ಕೊಲಿಜಿಯಂ. ಜನಕ್ಕೆ ಕೋರ್ಟು ಎಂದರೆ ತಾಲ್ಲೂಕು ಕೋರ್ಟು. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. 2025ರ ‘ಇಂಡಿಯಾ ಜಸ್ಟಿಸ್ ರಿಪೋರ್ಟ್’ ಪ್ರಕಾರ ದೇಶದಲ್ಲಿ ಇರುವುದು ಸುಮಾರು 15. ಅದೇ ವರದಿಯಲ್ಲಿ ದೊಡ್ಡ ಮತ್ತು ಮಧ್ಯಮ ರಾಜ್ಯಗಳ ಪೈಕಿ ಒಟ್ಟಾರೆ ಮೊದಲ ಸ್ಥಾನ ಕರ್ನಾಟಕದ್ದು. ಸಂತೋಷ ಪಡೋಣ. ಮೊದಲ ಸ್ಥಾನದಲ್ಲಿರುವವನಿಗೆ ದಾರಿ ತೋರುವ ಜವಾಬ್ದಾರಿಯೂ ಇರುತ್ತದೆ. ಕೆಳ ಕೋರ್ಟುಗಳ ಕಟ್ಟಡ, ಸಿಬ್ಬಂದಿ, ಹುದ್ದೆಗಳ ಹಣ ನಿಮ್ಮ ಬಜೆಟ್ಟಿನಿಂದ ಹೋಗುತ್ತದೆ. ಗ್ರಾಮ ನ್ಯಾಯಾಲಯಗಳ ಕಾಯ್ದೆ 2008ರದ್ದು. ಅವನ್ನು ಎಲ್ಲಿ, ಎಷ್ಟು ತೆರೆಯಬೇಕು ಎಂಬುದನ್ನು ಹೈಕೋರ್ಟಿನೊಡನೆ ಸಮಾಲೋಚಿಸಿ ತೀರ್ಮಾನಿಸುವುದು ರಾಜ್ಯ ಸರ್ಕಾರವೇ.

ಕಾನೂನು ನೆರವಿನದೂ ಇದೇ ಕಥೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಆದಾಯ ಎಷ್ಟೇ ಇರಲಿ, ಪ್ರತಿಯೊಬ್ಬ ಮಹಿಳೆಗೂ ಉಚಿತ ವಕೀಲರ ಹಕ್ಕಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಇದೆ. ಸಂಘದ ಸಾಲ ತೆಗೆದವರು ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು. ಅಂದರೆ ಕಿರುಸಾಲದ ಸಂಕಟದಲ್ಲಿರುವ ಬಹುತೇಕ ಎಲ್ಲರಿಗೂ ಈಗಲೇ ವಕೀಲರು ಸಿಗಬೇಕು. 15100ಕ್ಕೆ ಕರೆ ಮಾಡಿದರೆ ಸಾಕು ಎಂಬುದು ಎಷ್ಟು ಸಂಘದ ಪುಸ್ತಕದಲ್ಲಿ ಬರೆದಿದೆ? ಅದರ ಬದಲು ಅವಳಿಗೆ ಸಿಗುವುದು ಲೋಕ ಅದಾಲತ್ತಿನ ನೋಟಿಸು. ಕೋರ್ಟಿನ ಹೆಸರು ನೋಡಿದೊಡನೆ ಜೈಲೇ ಗತಿ ಎಂದು ಹೆದರಿ, ಬಂದು ಸಹಿ ಹಾಕುತ್ತಾಳೆ. ಅದಾಲತ್ತು ಇಬ್ಬರೂ ಒಪ್ಪಿದರೆ ಮಾತ್ರ ರಾಜಿ ಮಾಡಿಸಬಹುದು. ‘ಒಲ್ಲೆ’ ಎನ್ನುವ ಹಕ್ಕು ಅವಳಿಗಿದೆ. ಒಮ್ಮೆ ರಾಜಿಯಾದರೆ ಅದರ ಮೇಲೆ ಅಪೀಲು ಇಲ್ಲ. ಇಷ್ಟನ್ನು ಸಹಿಗೆ ಮೊದಲು ಕನ್ನಡದಲ್ಲಿ ಹೇಳಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ಒಬ್ಬ ವಕೀಲರು ಪಕ್ಕದಲ್ಲಿರಬೇಕು.

ಇನ್ನೊಂದು ಕುರ್ಚಿಯ ಬಗ್ಗೆ ಹೇಳಬೇಕು. ಬ್ಯಾಂಕುಗಳನ್ನು ಎದುರು ಕೂರಿಸಿಕೊಂಡು ಕೇಳುವ ಅಧಿಕಾರ ಶಾಸಕರಿಗೆ ಇಲ್ಲ ಎಂದು ನೀವು ಅಂದುಕೊಂಡಿದ್ದರೆ, 1969ರಲ್ಲಿ ಶುರುವಾದ ಲೀಡ್ ಬ್ಯಾಂಕ್ ಯೋಜನೆಯನ್ನು ನೋಡಿ. ಪ್ರತಿ ಜಿಲ್ಲೆಯಲ್ಲಿ ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಬ್ಯಾಂಕುಗಳ ಪರಿಶೀಲನಾ ಸಭೆ ನಡೆಯಬೇಕು. ಅದಕ್ಕೆ ಸಂಸದರನ್ನೂ ಶಾಸಕರನ್ನೂ ಆಹ್ವಾನಿಸಬೇಕು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಯ ಸಂಚಾಲಕತ್ವ ಕೆನರಾ ಬ್ಯಾಂಕಿನದು, ಅಂದರೆ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮದೇ ಬ್ಯಾಂಕಿನದು. ಹಾಗಿರುವಾಗ ಜಿಲ್ಲೆಯ ಸಭೆಯಲ್ಲಿ ಶಾಸಕರ ಕುರ್ಚಿ ಖಾಲಿ ಇರಬಾರದು. ಅಲ್ಲಿ ಕೇಳುವುದಕ್ಕೆ ಎಷ್ಟಿದೆ! ಸಾಲ ತೀರಿದ 30 ದಿನದೊಳಗೆ ಪತ್ರಗಳನ್ನು ವಾಪಸು ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು 2023ರ ಡಿಸೆಂಬರಿನಿಂದ ನಿಯಮವಿದೆ. ನಿಮ್ಮ ಜಿಲ್ಲೆಯಲ್ಲಿ ಎಷ್ಟು ಜನಕ್ಕೆ ಕೊಟ್ಟಿದ್ದೀರಿ? ಸಾಲದ ಷರತ್ತುಗಳನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಕನ್ನಡದ ನಮೂನೆ ತೋರಿಸಿ. 2024ರ ಬರ ಪರಿಹಾರದ ಹಣವನ್ನು ಹಳೆಯ ಸಾಲಕ್ಕೆ ಮುರಿದುಕೊಳ್ಳಬೇಡಿ ಎಂದು ಜಿಲ್ಲಾಡಳಿತಗಳೇ ಹೇಳಬೇಕಾಯಿತು. ಈ ವರ್ಷ ಹಾಗಾಗಿಲ್ಲ ಎಂದು ಬರೆದುಕೊಡುತ್ತೀರಾ?

ಈ ನಾಡಿಗೆ ಇದನ್ನು ಕೇಳುವ ಹಕ್ಕು ಉಳಿದವರಿಗಿಂತ ಒಂದು ಗುಲಗಂಜಿ ಹೆಚ್ಚೇ ಇದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ಶುರುಮಾಡಿದಾಗ ಏಜೆಂಟ್ ಮನೆ ಮನೆಗೆ ಹೋಗುತ್ತಿದ್ದದ್ದು ದಿನಕ್ಕೆ ಎರಡಾಣೆ ಉಳಿತಾಯ ಸಂಗ್ರಹಿಸಲು. ಬಡವರ ಬಾಗಿಲಿಗೆ ಬ್ಯಾಂಕು ಹೋಗಬಹುದು, ಮರ್ಯಾದೆಯಿಂದ ಹೋಗಬಹುದು, ಹಾಗೆ ಹೋಗಿಯೂ ಲಾಭ ಮಾಡಬಹುದು ಎಂದು ದೇಶಕ್ಕೆ ತೋರಿಸಿದ್ದು ಕರಾವಳಿ.

ಇಷ್ಟು ಓದಿದವರಲ್ಲಿ ಕೆಲವರಿಗೆ ಅನುಮಾನ ಬಂದಿರಬಹುದು: ಇವನು ಸಾಲ ಕಟ್ಟಬೇಡಿ ಎನ್ನುತ್ತಿದ್ದಾನೆಯೇ? ಇಲ್ಲ. ಕೊಟ್ಟವನ ಹಣವೂ ಯಾರದೋ ಠೇವಣಿ; ತೆಗೆದುಕೊಂಡದ್ದನ್ನು ಕಟ್ಟಲೇಬೇಕು. 2009ರಲ್ಲಿ ಕೋಲಾರದಲ್ಲಿ, ಶಿಡ್ಲಘಟ್ಟ, ರಾಮನಗರದಂಥ ರೇಷ್ಮೆ ಊರುಗಳಲ್ಲಿ ಸಾಲ ಕಟ್ಟುವುದನ್ನೇ ನಿಲ್ಲಿಸಿದಾಗ ಏನಾಯಿತು ಎಂದು ಅಲ್ಲಿಯವರನ್ನು ಕೇಳಿ. 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಬಿಗಿಯಾದ ಸುಗ್ರೀವಾಜ್ಞೆ ತಂದ ಮೇಲೆ ಅಲ್ಲಿ ಕಿರುಸಾಲದ ವಸೂಲಿಯೂ ಕುಸಿಯಿತು, ಹೊಸ ಸಾಲವೂ ಬತ್ತಿತು. ಸಂಘದ ಸಾಲ ನಿಂತ ಊರಿನಲ್ಲಿ ಹೆರಿಗೆಗೆ, ಬಿತ್ತನೆಗೆ ಹಣ ಬೇಕಾದವಳು ಮತ್ತೆ ಮೀಟರ್ ಬಡ್ಡಿಯವನ ಮನೆಗೇ ಹೋಗಬೇಕು. ಸಹಕಾರ ಸಂಘಗಳ ಶೂನ್ಯ ಬಡ್ಡಿ ಬೆಳೆಸಾಲ ಪಹಣಿ ಇದ್ದವರಿಗೆ; ಕೂಲಿ ಮಾಡುವವಳ ಹೆಸರಿನಲ್ಲಿ ಪಹಣಿ ಎಲ್ಲಿದೆ? ಅದಕ್ಕೇ ನಾನು ಮನ್ನಾ ಕೇಳುತ್ತಿಲ್ಲ, ಹೊಸ ಶಿಕ್ಷೆಯನ್ನೂ ಕೇಳುತ್ತಿಲ್ಲ. ಹತ್ತು ವರ್ಷದ ಜೈಲು ಪುಸ್ತಕದಲ್ಲಿದ್ದು ಠಾಣೆಯಲ್ಲಿ ದೂರು ದಾಖಲಾಗದಿದ್ದರೆ ಅದರಿಂದ ಹೆದರುವವರು ಯಾರು? ಇರುವ ನಿಯಮ ನಡೆಯಲಿ, ಇರುವ ಹಕ್ಕು ಹಕ್ಕುದಾರರಿಗೆ ಗೊತ್ತಾಗಲಿ, ಕೋರ್ಟು ಕೈಗೆಟುಕುವ ದೂರದಲ್ಲಿರಲಿ ಎಂಬುದಷ್ಟೇ ಕೋರಿಕೆ.

ಸದನದ ಭಾಷೆಯಲ್ಲೇ ಮುಗಿಸುತ್ತೇನೆ. ಮುಂದಿನ ಅಧಿವೇಶನಕ್ಕೆ ನಾಲ್ಕು ಚುಕ್ಕೆ ಗುರುತಿನ ಪ್ರಶ್ನೆಗಳನ್ನು ಬರೆದಿದ್ದೇನೆ. ಯಾರು ಬೇಕಾದರೂ ತಮ್ಮ ಹೆಸರಿನಲ್ಲಿ ಕೇಳಬಹುದು.

ಒಂದು, ಗೃಹ ಸಚಿವರಿಗೆ: 2025ರ ಕಾನೂನು ಜಾರಿಯಾದ ಮೇಲೆ ಸಾಲ ವಸೂಲಿಯ ಕಿರುಕುಳದ ಬಗ್ಗೆ ಬಂದ ದೂರುಗಳೆಷ್ಟು, ದಾಖಲಾದ ಪ್ರಕರಣಗಳೆಷ್ಟು, ಆರೋಪಿ ಸಂಸ್ಥೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಎಂಬ ಕಾರಣಕ್ಕೆ ಹಿಂದಿರುಗಿಸಿದವೆಷ್ಟು?

ಎರಡು, ಕಂದಾಯ ಸಚಿವರಿಗೆ: ಸರ್ಫೇಸಿಯ 14ನೇ ಕಲಮಿನಡಿ ಜಿಲ್ಲಾಧಿಕಾರಿಗಳು ಹೊರಡಿಸಿದ ಆದೇಶಗಳು ಜಿಲ್ಲಾವಾರು ಎಷ್ಟು, ಸಾಲಗಾರರಿಗೆ ಅವರ ಹಕ್ಕನ್ನು ಕನ್ನಡದಲ್ಲಿ ತಿಳಿಸುವ ವ್ಯವಸ್ಥೆ ಏನಿದೆ?

ಮೂರು, ಕಾನೂನು ಸಚಿವರಿಗೆ: ತಾಲ್ಲೂಕು ಕಾನೂನು ಸೇವಾ ಸಮಿತಿಗಳ ಮೂಲಕ ಸಾಲದ ಪ್ರಕರಣಗಳಲ್ಲಿ ಉಚಿತ ವಕೀಲರನ್ನು ಪಡೆದ ಮಹಿಳೆಯರೆಷ್ಟು, ಡಿಆರ್‌ಟಿಯ ಮುಂದೆ ಎಷ್ಟು ಮಂದಿಗೆ ಆ ನೆರವು ಸಿಕ್ಕಿದೆ?

ನಾಲ್ಕು, ಹಣಕಾಸು ಸಚಿವರಿಗೆ: ಕಳೆದ ಎರಡು ವರ್ಷಗಳಲ್ಲಿ ಪ್ರತಿ ಜಿಲ್ಲೆಯಲ್ಲಿ ಬ್ಯಾಂಕುಗಳ ಪರಿಶೀಲನಾ ಸಭೆ ಎಷ್ಟು ಸಲ ನಡೆಯಿತು, ಅವುಗಳಿಗೆ ಹಾಜರಾದ ಶಾಸಕರು ಯಾರು ಯಾರು?

ನಾಲ್ಕನೆಯ ಪ್ರಶ್ನೆ ಕೇಳಲು ಸ್ವಲ್ಪ ಧೈರ್ಯ ಬೇಕು. ಉತ್ತರ ಸದನದ ಕಡತದಲ್ಲಿ ಉಳಿಯುತ್ತದೆ, ಮತದಾರರು ಓದುತ್ತೇವೆ.

ಇಂತಿ ವಂದನೆಗಳೊಂದಿಗೆ,
ನಿಮ್ಮ ಕ್ಷೇತ್ರಗಳ ಮತದಾರರಲ್ಲೊಬ್ಬ